ಎಪ್ಪತ್ತರಲ್ಲಿ ಬೀಡಿ ಬಿಟ್ಟರೂ ಎಲುಬಿಗೆ ಲಾಭವಿದೆ: ಬಿಡುವುದು ಹೇಗೆ, ಬೀಳದಂತೆ ಕಾಯುವುದು ಹೇಗೆ

ನಮ್ಮ ದೊಡ್ಡಪ್ಪ ಬಿದ್ದದ್ದು ಬೆಳಗಿನ ಐದೂವರೆಗೆ. ಆಳಂದ ತಾಲೂಕಿನ ನಮ್ಮ ಮನೆಯ ಪಡಸಾಲೆಗೆ ಶಹಾಬಾದ್ ಕಲ್ಲು ಹಾಸಿದೆ. ಹಿಂದಿನ ರಾತ್ರಿ ಮಳೆ ಬಂದು ಬಾಗಿಲ ಹತ್ತಿರ ನೀರು ಒಳಗೆ ಬಂದಿತ್ತು. ಅವರು ಎದ್ದವರೇ ತಲೆದಿಂಬಿನ ಕೆಳಗಿದ್ದ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ತಗೊಂಡು ಕಟ್ಟೆಯ ಕಡೆ ಹೊರಟರು. ಎರಡೇ ಹೆಜ್ಜೆ, ಕಾಲು ಜಾರಿತು. ಏಣಿಯಿಂದ ಬಿದ್ದದ್ದಲ್ಲ, ಮಾಳಿಗೆಯಿಂದ ಬಿದ್ದದ್ದಲ್ಲ. ನಿಂತಲ್ಲೇ ಬಿದ್ದರು. ಆದರೂ ಟೊಂಕದ ಎಲುಬು, ಅಂದರೆ ತೊಡೆ ಸೊಂಟಕ್ಕೆ ಸೇರುವ ಕಡೆಯ ಎಲುಬು, ಮುರಿಯಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಮೊದಲು ಕೇಳಿದ್ದು, "ಯಜಮಾನ್ರೇ, ಎಷ್ಟು ವರ್ಷದಿಂದ ಬೀಡಿ ಸೇದ್ತೀರಿ?" ಅಂತ. ದೊಡ್ಡಪ್ಪನಿಗೆ ಆಗ 71. "ನಲವತ್ತೈದು ವರ್ಷ ಆಯ್ತ್ರಿ" ಅಂದರು. ಬೀಡಿಯಿಂದ ಕೆಮ್ಮು, ದಮ್ಮು, ಕ್ಯಾನ್ಸರ್ ಬರುತ್ತದೆ ಅಂತ ನಮಗೆ ಗೊತ್ತಿತ್ತು. ಎಲುಬು ಮುರಿಯುವುದಕ್ಕೂ ಅದಕ್ಕೂ ನಂಟಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಬರೆಯುತ್ತಿರುವುದು ಅದಕ್ಕೇ. ಕಲಬುರಗಿ, ಬೀದರ್, ಯಾದಗಿರಿ ಕಡೆ ಬೀಡಿ ಸೇದುವ ಮುತ್ಯಾ ಒಬ್ಬರಾದರೂ ಇಲ್ಲದ ಓಣಿ ಸಿಗುವುದು ಕಷ್ಟ. ಅವರ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಇದನ್ನು ಓದಲಿ. ಕೂತು ಅವರಿಗೂ ಓದಿ ಹೇಳಲಿ.

ಹೊಗೆ ಎಲುಬಿನ ತನಕ ಹೋಗುವುದು ಹೇಗೆ

ಎಲುಬು ಒಣ ಕಟ್ಟಿಗೆ ಅಲ್ಲ, ಅದಕ್ಕೂ ಜೀವ ಇದೆ. ದಿನಾ ಹಳೆಯದು ಸ್ವಲ್ಪ ಸ್ವಲ್ಪ ಕರಗುತ್ತದೆ, ಆ ಜಾಗದಲ್ಲಿ ಹೊಸದು ಕಟ್ಟಿಕೊಳ್ಳುತ್ತದೆ. ವಯಸ್ಸಾದಂತೆ ಕರಗುವುದು ಜಾಸ್ತಿ, ಕಟ್ಟುವುದು ಕಡಿಮೆ. ಹೊಗೆ ಈ ಲೆಕ್ಕವನ್ನು ಇನ್ನೂ ಕೆಡಿಸುತ್ತದೆ. ಎಲುಬು ಕಟ್ಟುವ ಜೀವಕೋಶಗಳು ಮಂದವಾಗುತ್ತವೆ. ತಂಬಾಕಿನಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ರಕ್ತದಲ್ಲಿ ಆಮ್ಲಜನಕ ಇರಬೇಕಾದ ಜಾಗದಲ್ಲಿ ಹೊಗೆಯ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಬಂದು ಕೂರುತ್ತದೆ. ಉಂಡ ಅನ್ನದಲ್ಲಿನ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹೊಗೆ ಸೇದುವ ಹೆಂಗಸರಿಗೆ ಮುಟ್ಟು ಬೇಗ ನಿಲ್ಲುತ್ತದೆ, ಎಲುಬನ್ನು ಕಾಯುವ ಈಸ್ಟ್ರೋಜನ್ ಹಾರ್ಮೋನ್ ಅಷ್ಟು ಬೇಗ ಇಳಿಯುತ್ತದೆ.

ಇದು ಎಲುಬಿನ ಮಾತಾಯಿತು. ಬೀಳುವುದಕ್ಕೂ ಬೀಡಿ ದಾರಿ ಮಾಡುತ್ತದೆ. ಹಸಿವು ಸತ್ತು ತೂಕ ಇಳಿಯುತ್ತದೆ, ತೊಡೆ ಸೊರಗುತ್ತದೆ. ದಮ್ಮು ಹತ್ತುತ್ತದೆ ಅಂತ ನಡೆಯುವುದು ಕಡಿಮೆಯಾಗುತ್ತದೆ. ಕಣ್ಣಿನ ಪೊರೆಯೂ ಬೇಗ ಬರುತ್ತದೆ. ಬಡವಾದ ಎಲುಬು, ನಡುಗುವ ಕಾಲು, ಮಂಜು ಕಣ್ಣು, ಮೂರೂ ಒಬ್ಬರಲ್ಲೇ ಸೇರಿದರೆ ಒದ್ದೆ ಕಲ್ಲೊಂದೇ ಸಾಕು.

"ಬೀಡಿ ಸಣ್ಣದು, ಎಲೆದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ" ಅನ್ನುವವರು ನಮ್ಮಲ್ಲಿ ಬಹಳ. ಅದು ನಿಜವಲ್ಲ. ಬೀಡಿ ಎಲೆಯೊಳಗೆ ಗಾಳಿ ಸುಲಭವಾಗಿ ಹೋಗುವುದಿಲ್ಲ, ಪದೇ ಪದೇ ಆರುತ್ತದೆ. ಆರದಿರಲಿ ಅಂತ ಜೋರಾಗಿ, ಬೇಗ ಬೇಗ ಎಳೆಯಬೇಕು. ಹಾಗಾಗಿ ಟಾರ್, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಮೂರೂ ಸಿಗರೇಟಿಗಿಂತ ಜಾಸ್ತಿಯೇ ಒಳಗೆ ಹೋಗುತ್ತವೆ.

ಎಷ್ಟು ಅಪಾಯ? 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ ಒಂದು ವಿಶ್ಲೇಷಣೆ ಬಂತು. ಮುಟ್ಟು ನಿಂತ ಹೆಂಗಸರಲ್ಲಿ, ಸೇದದವರಿಗೆ ಹೋಲಿಸಿದರೆ ಸೇದುವವರಿಗೆ ಟೊಂಕ ಮುರಿಯುವ ಅಪಾಯ 60ನೇ ವಯಸ್ಸಿನಲ್ಲಿ ಶೇ. 17 ಜಾಸ್ತಿ. 70ಕ್ಕೆ ಶೇ. 41, 80ಕ್ಕೆ ಶೇ. 71. 90ಕ್ಕೆ ಬರುವಷ್ಟರಲ್ಲಿ ಎರಡು ಪಟ್ಟು ದಾಟುತ್ತದೆ. ಗಂಡಸರ ಮಾಹಿತಿ ಅದರಲ್ಲಿ ಕಡಿಮೆ ಇತ್ತು, ಆದರೆ ಅದು ಕೂಡ ಇದೇ ದಿಕ್ಕಿನಲ್ಲಿತ್ತು. ವಯಸ್ಸು ಏರಿದಂತೆ ಅಂತರ ಹೇಗೆ ಹಿಗ್ಗುತ್ತಾ ಹೋಗುತ್ತದೆ ಗಮನಿಸಿ. ಎಪ್ಪತ್ತರ ಮುತ್ಯಾನಿಗೆ ಮುಖ್ಯವಾದದ್ದು ಅದೇ.

ಬಿಟ್ಟರೆ ಏನಾಗುತ್ತದೆ

ಇಲ್ಲಿ ಸುಳ್ಳು ಭರವಸೆ ಕೊಡಲು ನನಗೆ ಇಷ್ಟವಿಲ್ಲ. ಬೀಡಿ ಬಿಟ್ಟ ಮರುತಿಂಗಳೇ ಎಲುಬು ಗಟ್ಟಿಯಾಗುವುದಿಲ್ಲ. ಕರಗಿಹೋದದ್ದೆಲ್ಲ ತಿರುಗಿ ಬರುವುದೂ ಇಲ್ಲ. ಸವೆತದ ವೇಗ ಮಾತ್ರ ಇಳಿಯುತ್ತದೆ. ಬಿಟ್ಟವರ ಅಪಾಯ ಸೇದುವವರಿಗಿಂತ ಕಡಿಮೆ, ಎಂದೂ ಸೇದದವರಿಗಿಂತ ಸ್ವಲ್ಪ ಜಾಸ್ತಿ. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನದಲ್ಲಿ ಟೊಂಕದ ಎಲುಬಿಗೆ ಲಾಭ ಕಾಣಿಸಿದ್ದು ಬಿಟ್ಟು 10 ವರ್ಷ ಆದಮೇಲೆ. ಡೆನ್ಮಾರ್ಕ್‌ನ ಅಧ್ಯಯನವೊಂದರಲ್ಲಿ ಗಂಡಸರಿಗೆ 5 ವರ್ಷದ ನಂತರ ಅಪಾಯ ಇಳಿದದ್ದು ಕಂಡಿತು.

ಇದನ್ನು ಹೇಳಿದಾಗ ದೊಡ್ಡಪ್ಪ ಅಂದದ್ದು ಇಷ್ಟೇ: "ಹಂಗಾದ್ರ ಈಗ ಬಿಟ್ಟು ಏನ್ ಬರ್ತದ?" ಪ್ರಶ್ನೆ ನ್ಯಾಯವಾದದ್ದೇ. ಎಲುಬಿಗೆ ಕಾಯಬೇಕು, ಆದರೆ ಉಳಿದದ್ದಕ್ಕೆ ಅಷ್ಟು ಕಾಯಬೇಕಿಲ್ಲ. ಅರ್ಧ ದಿನ, ಒಂದು ದಿನದಲ್ಲೇ ರಕ್ತದ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ. ಕೆಲವು ವಾರಗಳಲ್ಲಿ ಉಸಿರು ಹಗುರವಾಗುತ್ತದೆ, ಆಗ ನಡೆಯಲು ಆಗುತ್ತದೆ. ನಡೆದರೆ ಕಾಲಿಗೆ ಬಲ. ಬಾಯಿಗೆ ರುಚಿ ಬಂದು ಎರಡು ರೊಟ್ಟಿ ಜಾಸ್ತಿ ಹೋಗುತ್ತದೆ. ಪ್ರಾಯದವರು ಬೀಡಿ ಬಿಟ್ಟರೆ ತೂಕ ಏರುತ್ತದೆ ಅಂತ ಹೆದರುತ್ತಾರೆ. ಸೊರಗಿದ ಹಿರಿಯರಿಗೆ ಆ ತೂಕ ಒಳ್ಳೆಯದೇ, ತೀರಾ ತೆಳ್ಳಗಿರುವುದು ಎಲುಬಿಗೆ ಅಪಾಯ. ಮುರಿದ ಎಲುಬು ಕೂಡುವುದೂ ಹೊಗೆ ಇಲ್ಲದ ಮೈಯಲ್ಲಿ ಬೇಗ.

ಹಾಗಾಗಿ ನನ್ನ ಲೆಕ್ಕ ಹೀಗೆ. ಬೀಡಿ ಬಿಡಿಸುವುದು ಮತ್ತು ಬೀಳದಂತೆ ಕಾಯುವುದು ಒಂದೇ ಕೆಲಸ, ಎರಡೂ ಒಂದೇ ವಾರ ಶುರುವಾಗಬೇಕು. ಎಲುಬಿಗೆ ಫಲ ಸಿಗುವ ತನಕ ಬೀಳದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ.

ಮೊದಲ ಹೆಜ್ಜೆ: ಗೋಡೆಯ ಮೇಲೆ ಒಂದು ಗೆರೆ

ಹಿರಿಯರನ್ನು ಬರಿಗಾಲಲ್ಲಿ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ. ತಲೆಯ ಮೇಲೆ ನೋಟ್‌ಬುಕ್ ಅಡ್ಡ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಬೆನ್ನೆಲುಬಿನ ಮಣಿಗಳು ಎಷ್ಟೋ ಸಲ ಬೀಳದೆಯೇ ಕುಸಿಯುತ್ತವೆ, ನೋವೂ ಅಷ್ಟಾಗಿ ಇರುವುದಿಲ್ಲ. ಗೊತ್ತಾಗುವುದು ಎತ್ತರ ಇಳಿದಾಗ. ನಮ್ಮ ದೊಡ್ಡಪ್ಪ ಬೀಳುವ ಒಂದು ವರ್ಷ ಹಿಂದೆಯೇ ಅವರ ಹಳೆಯ ನೆಹರು ಅಂಗಿ ಉದ್ದ ಕಾಣುತ್ತಿತ್ತು. ಅಂಗಿ ಜಗ್ಗಿದೆ ಅಂತ ನಾವು ಅಂದುಕೊಂಡೆವು. ಪ್ರಾಯದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಜಾಸ್ತಿ ಇಳಿದಿದ್ದರೆ ಡಾಕ್ಟರಿಗೆ ತೋರಿಸಿ. ಪ್ರತಿ ಆರು ತಿಂಗಳಿಗೊಮ್ಮೆ ಅಳೆಯಿರಿ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ವಯಸ್ಸು, ತೂಕ, ಎಷ್ಟು ವರ್ಷದಿಂದ ದಿನಕ್ಕೆ ಎಷ್ಟು ಬೀಡಿ, 50 ದಾಟಿದ ಮೇಲೆ ಯಾವುದಾದರೂ ಎಲುಬು ಮುರಿದಿತ್ತಾ, ತಂದೆ ತಾಯಿಗೆ ಟೊಂಕ ಮುರಿದಿತ್ತಾ, ದಮ್ಮಿಗೆ ಅಥವಾ ಕೀಲು ನೋವಿಗೆ ಸ್ಟಿರಾಯ್ಡ್ ಮಾತ್ರೆ ನುಂಗಿದ್ದಾರಾ. ಈ ಕೊನೆಯದನ್ನು ಮರೆಯಬೇಡಿ. ತಿಂಗಳುಗಟ್ಟಲೆ ನುಂಗಿದ ಸ್ಟಿರಾಯ್ಡ್ ಎಲುಬನ್ನು ತಿನ್ನುತ್ತದೆ, ಬೀಡಿ ಸೇದಿ ದಮ್ಮು ಬಂದವರಿಗೆ ಆ ಮಾತ್ರೆ ಸಿಕ್ಕಿರುವುದು ಸಾಮಾನ್ಯ. ಈ ವಿವರ ಹಾಕಿದರೆ ಮುಂದಿನ 10 ವರ್ಷದಲ್ಲಿ ಎಲುಬು ಮುರಿಯುವ ಸಂಭವ ಎಷ್ಟು ಅಂತ ಹೇಳುವ ಫ್ರ್ಯಾಕ್ಸ್ ಎಂಬ ಲೆಕ್ಕವಿದೆ. ಭಾರತಕ್ಕೆ ಬೇರೆ ಮಾದರಿಯೇ ಇದೆ. ಧೂಮಪಾನ ಅದರಲ್ಲಿ ಒಂದು ಪ್ರಶ್ನೆ.

ಎಲುಬಿನ ಗಟ್ಟಿತನ ಅಳೆಯುವ ಸರಿಯಾದ ಪರೀಕ್ಷೆ ಡೆಕ್ಸಾ ಸ್ಕ್ಯಾನ್. ಅದರ ವರದಿಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಪ್ರಾಯದವರ ಎಲುಬಿಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆದು ಟೊಳ್ಳಾಗುವ ರೋಗ. ಶಿಬಿರಗಳಲ್ಲಿ ಹಿಮ್ಮಡಿ ಮಷಿನಿನಲ್ಲಿಟ್ಟು ಮಾಡುವ ಪರೀಕ್ಷೆ ಅದಕ್ಕೆ ಸಮ ಅಲ್ಲ. ಡೆಕ್ಸಾ ಎಲ್ಲ ಕಡೆ ಇರುವುದಿಲ್ಲ, ಮೊದಲು ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಬೀದರಿನವರು ಹೈದರಾಬಾದಿಗೆ, ಕಲಬುರಗಿಯವರು ಸೊಲ್ಲಾಪುರಕ್ಕೆ ಬೇರೆ ಕೆಲಸಕ್ಕೆ ಹೋಗುವುದು ಇದ್ದೇ ಇರುತ್ತದೆ, ಅಲ್ವಾ, ಅದರ ಜೊತೆಗೇ ಮಾಡಿಸಿಕೊಳ್ಳಬಹುದು.

ಎರಡನೇ ಹೆಜ್ಜೆ: ದಿನ ಗೊತ್ತು ಮಾಡುವುದು

"ಕಡಿಮೆ ಮಾಡ್ತೀನಿ" ಅನ್ನುವ ಮಾತು ವರ್ಷಗಟ್ಟಲೆ ಓಡುತ್ತದೆ. ಒಂದು ದಿನ ಗೊತ್ತು ಮಾಡಿ, ಎರಡು ವಾರದೊಳಗೆ ಇರಲಿ. ಶ್ರಾವಣದಲ್ಲಿ ತಿಂಗಳಿಡೀ ಬೀಡಿ ಮುಟ್ಟದವರು ನಮ್ಮಲ್ಲಿ ಇದ್ದಾರೆ. ರಂಜಾನ್ ರೋಜಾ ಹಿಡಿದವರು ಬೆಳಗಿನಿಂದ ಸಂಜೆಯ ತನಕ ಒಂದು ದಮ್ಮೂ ಎಳೆಯುವುದಿಲ್ಲ. ಅಂದಮೇಲೆ ಬಿಡುವ ಶಕ್ತಿ ಅವರಲ್ಲಿ ಇದೆ. ಆ ತಿಂಗಳು ಮುಗಿದ ಮರುದಿನವೇ ಮತ್ತೆ ಹಚ್ಚದಂತೆ ನೋಡಿಕೊಳ್ಳುವುದೇ ಕೆಲಸ. ಶರಣಬಸವೇಶ್ವರ ಜಾತ್ರೆಯೋ, ಮೈಲಾಪುರ ಮಲ್ಲಯ್ಯನ ಜಾತ್ರೆಯೋ, ಅವರು ಮನಸ್ಸಿನಿಂದ ನಂಬುವ ದಿನವಾದರೆ ಒಳ್ಳೆಯದು. ದೂರ ಇದ್ದರೆ ಅದಕ್ಕಾಗಿ ಕಾಯಬೇಡಿ.

ಆ ದಿನದ ಹಿಂದಿನ ವಾರ ಅವರು ಯಾವಾಗ ಸೇದುತ್ತಾರೆ ಅಂತ ನೋಡಿ. ಹೆಚ್ಚಿನವರಿಗೆ ನಾಲ್ಕೈದು ಗಟ್ಟಿ ಹೊತ್ತುಗಳಿರುತ್ತವೆ: ಎದ್ದ ಕೂಡಲೇ, ಚಹಾದ ಜೊತೆ, ಸಂಡಾಸಿಗೆ ಹೋಗುವ ಮೊದಲು, ಊಟ ಆದಮೇಲೆ, ಕಟ್ಟೆಯಲ್ಲಿ ಗೆಳೆಯರ ಜೊತೆ. ಒಂದೊಂದು ಹೊತ್ತಿಗೂ ಬದಲು ಏನು ಅಂತ ಮೊದಲೇ ಮಾತಾಡಿಕೊಳ್ಳಿ. ಬೀಡಿ ಇಲ್ಲದೆ ಹೊಟ್ಟೆ ಕಟ್ಟುತ್ತದೆ ಅನ್ನುವುದು ಬರೀ ನೆಪವಲ್ಲ, ಬಿಟ್ಟ ಹೊಸದರಲ್ಲಿ ಮಲಬದ್ಧತೆ ಆಗುತ್ತದೆ. ಬೆಳಿಗ್ಗೆ ಎರಡು ಲೋಟ ಬಿಸಿನೀರು, ರಾತ್ರಿ ಊಟದಲ್ಲಿ ಸೊಪ್ಪಿನ ಪಲ್ಯ ಇಡಿ. ಕಡ್ಡಿಪೆಟ್ಟಿಗೆ ಅಡುಗೆಮನೆಯಲ್ಲಿ ಮಾತ್ರ ಇರಲಿ. ಮಗನೂ ಸೇದುವವನಾಗಿದ್ದರೆ ಜೊತೆಗೇ ಬಿಡಬೇಕು, ಇಲ್ಲವಾದರೆ ಅಪ್ಪನಿಗೆ ಇದು ಬಹಳ ಕಷ್ಟ.

ಮೂರನೇ ಹೆಜ್ಜೆ: ಮೊದಲ ಮೂರು ದಿನ, ಆಮೇಲೆ ಮೂರು ವಾರ

ಮೊದಲ ಮೂರು ದಿನ ತಲಬು ಜೋರಾಗಿರುತ್ತದೆ. ಸಿಟ್ಟು, ತಲೆನೋವು, ನಿದ್ದೆ ಬರದಿರುವುದು, ಕೈ ಸುಮ್ನೆ ಜೇಬಿಗೆ ಹೋಗುವುದು, ಇವೆಲ್ಲ ಇರುತ್ತವೆ. ಮೂರು ನಾಲ್ಕು ವಾರದಲ್ಲಿ ಹೆಚ್ಚಿನದು ಇಳಿಯುತ್ತದೆ. ಒಂದೊಂದು ತಲಬು ಕೆಲವೇ ನಿಮಿಷದ್ದು. ಆ ಹೊತ್ತು ದಾಟಿಸಲು ಸೋಂಪು, ಲವಂಗ, ತಣ್ಣೀರು ಸಾಕು. ಇಲ್ಲವೇ ಹಿತ್ತಲ ತನಕ ಒಂದು ಸುತ್ತು ನಡೆದು ಬರಲಿ. ಅವರು ರೇಗಿದರೆ ತಿರುಗಿ ರೇಗಬೇಡಿ. ಸೊಸೆಯಂದಿರಿಗೆ ಇದು ಕಷ್ಟದ ಮಾತು ಅಂತ ಗೊತ್ತು, ಮೂರು ವಾರ ತಡೆದುಕೊಳ್ಳಿ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕಾಗುವವರಿಗೆ ಮನಸ್ಸಿನ ಬಲ ಒಂದೇ ಸಾಲದು. ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚ್ ಇವೆ. ಡಾಕ್ಟರು ಬರೆದುಕೊಡುವ ಮಾತ್ರೆಗಳೂ ಇವೆ. ಗಮ್ ಅಗಿಯುವ ಕ್ರಮ ಹೇಳಿಕೊಡದಿದ್ದರೆ ಕೆಲಸ ಕೆಡುತ್ತದೆ. ದೊಡ್ಡಪ್ಪ ಮೊದಲ ದಿನ ಅದನ್ನು ಎಲೆ ಅಡಿಕೆ ಹಾಗೆ ಗಸಗಸ ಅಗಿದು ರಸ ನುಂಗಿದರು. ಬಿಕ್ಕಳಿಕೆ ಹತ್ತಿತು, ಹೊಟ್ಟೆ ತೊಳೆಸಿತು. "ಈ ಔಷಧಿ ನನಗ ಬ್ಯಾಡ" ಅಂದುಬಿಟ್ಟರು. ಸರಿಯಾದ ಕ್ರಮ ಹೀಗೆ: ನಿಧಾನ ಅಗಿಯಬೇಕು, ನಾಲಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ ಗಲ್ಲ ಮತ್ತು ವಸಡಿನ ನಡುವೆ ಒತ್ತಿ ಇಡಬೇಕು. ಚುರುಚುರು ಹೋದಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಬದಿಗೆ ಇಡಬೇಕು. ಒಂದು ಗಮ್ ಹೀಗೆ ಅರ್ಧ ಗಂಟೆ ಬರುತ್ತದೆ. ಹಾಕಿಕೊಳ್ಳುವ 15 ನಿಮಿಷ ಮೊದಲಿನಿಂದ ಚಹಾ, ಕಾಫಿ, ಹುಳಿ ಏನೂ ಬೇಡ. ಕಟ್ಟಿಸಿದ ಹಲ್ಲಿಗೆ ಗಮ್ ಅಂಟುತ್ತದೆ, ಅಂಥವರಿಗೆ ಪ್ಯಾಚ್ ಮೇಲು. ಇತ್ತೀಚೆಗೆ ಹೃದಯಾಘಾತ ಆದವರು ಡಾಕ್ಟರನ್ನು ಕೇಳದೆ ಎರಡನ್ನೂ ಶುರು ಮಾಡಬಾರದು. ಗಮ್‌ನಲ್ಲೂ ನಿಕೋಟಿನ್ ಇದೆಯಲ್ಲ ಅಂತ ಕೇಳುತ್ತಾರೆ. ಇದೆ, ಆದರೆ ಹೊಗೆ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ, ಎರಡು ಮೂರು ತಿಂಗಳಲ್ಲಿ ಅದನ್ನೂ ಇಳಿಸಿ ಬಿಡುವುದು.

ಬೀಡಿ ಬಿಟ್ಟು ತಂಬಾಕು ಸುಣ್ಣ ತಿಕ್ಕಿ ತುಟಿಯಲ್ಲಿಡುವುದು, ಗುಟ್ಕಾ ಹಾಕುವುದು ಬಿಟ್ಟ ಲೆಕ್ಕಕ್ಕೆ ಬರುವುದಿಲ್ಲ. ಹಲ್ಲಿಗೆ ತಂಬಾಕು ತಿಕ್ಕುವ ಆಯಿಯಂದಿರಿಗೂ ಈ ಮಾತು ಸೇರುತ್ತದೆ.

ತಂಬಾಕು ಬಿಡಲು ಫೋನಿನಲ್ಲಿ ಸಹಾಯ ಮಾಡುವ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಸಂಖ್ಯೆ 1800-11-2356. ಬೀಡಿ, ಸಿಗರೇಟು ಪ್ಯಾಕಿನ ಮೇಲೂ ಇದೇ ಸಂಖ್ಯೆ ಇರುತ್ತದೆ. ದುಡ್ಡು ಹತ್ತುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ತಂಬಾಕು ಬಿಡಿಸುವ ಕೇಂದ್ರ ಎಲ್ಲಿದೆ ಅಂತಲೂ ಕೇಳಿ.

ಒಂದು ಎಚ್ಚರಿಕೆ. ದಮ್ಮಿಗೆ ಥಿಯೋಫಿಲಿನ್ ಇರುವ ಮಾತ್ರೆ ನುಂಗುವವರು ಬೀಡಿ ಬಿಟ್ಟರೆ ಆ ಔಷಧಿಯ ಪ್ರಮಾಣ ರಕ್ತದಲ್ಲಿ ಏರುತ್ತದೆ. ಹೊಗೆ ಅದನ್ನು ಬೇಗ ಕರಗಿಸುತ್ತಿತ್ತು, ಈಗ ಹೊಗೆ ಇಲ್ಲ. ಎದೆ ಬಡಿತ, ವಾಂತಿ, ಕೈ ನಡುಕ ಬರಬಹುದು. ಇನ್ಸುಲಿನ್ ಪ್ರಮಾಣವೂ ಬದಲಾಗಬೇಕಾದೀತು. ಬಿಡುವ ದಿನವನ್ನು ಡಾಕ್ಟರಿಗೆ ಮೊದಲೇ ತಿಳಿಸಿ. ಮಧ್ಯೆ ಒಂದು ಬೀಡಿ ಸೇದಿಬಿಟ್ಟರೆ ಎಲ್ಲ ಹೋಯಿತು ಅಂತಲ್ಲ. ಮರುದಿನ ಮತ್ತೆ ಶುರು ಮಾಡಿ. ಹಲವರು ಎರಡು ಮೂರು ಸಲ ಪ್ರಯತ್ನಿಸಿದ ಮೇಲೆಯೇ ಪೂರ್ತಿ ಬಿಡುತ್ತಾರೆ.

ನಾಲ್ಕನೇ ಹೆಜ್ಜೆ: ಮನೆಯ ನೆಲ

ನಮ್ಮ ಕಡೆಯ ಮನೆಗಳಿಗೆ ಶಹಾಬಾದ್ ಕಲ್ಲು ಒಳ್ಳೆಯದು, ಬೇಸಿಗೆಯಲ್ಲಿ ತಂಪು. ಆದರೆ ವರ್ಷಗಟ್ಟಲೆ ತುಳಿದು ನುಣುಪಾದ ಕಲ್ಲಿನ ಮೇಲೆ ಸೋಪಿನ ನೀರು ಬಿದ್ದರೆ ಗಾಜಿನಂತೆ ಜಾರುತ್ತದೆ. ಬಚ್ಚಲ ಬಾಗಿಲು, ನೀರಿನ ಹರವಿ ಇಡುವ ಜಾಗ, ಮಳೆ ಸಿಡಿಯುವ ಹೊಸ್ತಿಲು, ಈ ಮೂರು ಕಡೆ ಜಾರದ ಚಾಪೆ ಹಾಕಿ. ಗೋಣಿಚೀಲ ಹಾಸಬೇಡಿ, ಅದು ಕಾಲಿನ ಜೊತೆಗೇ ಸರಿಯುತ್ತದೆ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ. ಹೊಸ್ತಿಲ ಅಂಚಿಗೆ ಬಿಳಿ ಬಣ್ಣ ಹಚ್ಚಿದರೆ ಮಂಜು ಕಣ್ಣಿಗೂ ಕಾಣುತ್ತದೆ.

ರಾತ್ರಿ ಮೂತ್ರಕ್ಕೆ ಏಳುವಾಗ ಬೀಳುವವರು ಜಾಸ್ತಿ. ಹಾಸಿಗೆಯಿಂದ ಬಚ್ಚಲ ತನಕ ಸಣ್ಣ ದೀಪ ಇರಲಿ, ಕರೆಂಟ್ ಹೋಗುವುದು ಇದ್ದದ್ದೇ, ತಲೆದಿಂಬಿನ ಹತ್ತಿರ ಟಾರ್ಚ್ ಇಡಿ. ಮೊದಲು ಬೀಡಿ ಕಟ್ಟು ಇರುತ್ತಿದ್ದ ಜಾಗದಲ್ಲಿ ಈಗ ದೊಡ್ಡಪ್ಪನ ಟಾರ್ಚ್ ಇದೆ. ಎದ್ದ ಕೂಡಲೇ ನಡೆಯಬಾರದು, ಹಾಸಿಗೆ ಅಂಚಿನಲ್ಲಿ ಒಂದೆರಡು ನಿಮಿಷ ಕೂರಬೇಕು. ಬಿಪಿ ಮಾತ್ರೆ, ನಿದ್ದೆ ಮಾತ್ರೆ ನುಂಗುವವರಿಗಂತೂ ಇದು ಬೇಕೇ ಬೇಕು.

ಐದನೇ ಹೆಜ್ಜೆ: ಊಟ, ಬಿಸಿಲು, ಕಾಲು

ಹಿರಿಯರಿಗೆ ದಿನಕ್ಕೆ 1000ರಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಜೋಳದ ರೊಟ್ಟಿಯಲ್ಲಿ ಅದು ಕಡಿಮೆ, ಪಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಬರಬೇಕು. ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ. ಗಟ್ಟಿ ಮೊಸರು, ಎಳ್ಳು, ಗುರೆಳ್ಳು ಹಿಂಡಿ, ನುಗ್ಗೆಸೊಪ್ಪು ಸೇರಿಸಿ. ಸ್ನಾಯುವಿಗೆ ತೊಗರಿಬೇಳೆ, ಮೊಟ್ಟೆ ಬೇಕು. ತೊಗರಿಯ ನಾಡಿನಲ್ಲಿದ್ದು ಮುತ್ಯಾನ ತಟ್ಟೆಯಲ್ಲಿ ಬೇಳೆ ತಿಳಿ ಮಾತ್ರ ಇರಬಾರದು.

ಇಷ್ಟು ಬಿಸಿಲಿನ ಊರಲ್ಲೂ ವಿಟಮಿನ್ ಡಿ ಕಡಿಮೆ ಇರುವವರಿದ್ದಾರೆ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದಾಗಿನ ಬಿಸಿಲಿನಲ್ಲಿ ವಿಟಮಿನ್ ಡಿ ಚೆನ್ನಾಗಿ ತಯಾರಾಗುತ್ತದೆ. ಬೇಸಿಗೆಯಲ್ಲಿ ಒಂಬತ್ತೂವರೆ ಹೊತ್ತಿಗೇ ಆ ಬಿಸಿಲು ಬರುತ್ತದೆ, ಕೈಕಾಲು ಬಿಟ್ಟು ಹತ್ತು ಹದಿನೈದು ನಿಮಿಷ ಕೂತು ಒಳಗೆ ಬನ್ನಿ. ಡಿಸೆಂಬರ್‌ನಲ್ಲಿ ನಡುಮಧ್ಯಾಹ್ನವೇ ಆಗಬೇಕು. ಮಾತ್ರೆ ಬೇಕಾ ಅಂತ ಡಾಕ್ಟರು ಹೇಳಲಿ.

ಕಾಲಿಗೆ ಒಂದೇ ವ್ಯಾಯಾಮ ಆರಿಸುವುದಾದರೆ ಇದನ್ನು ಆರಿಸಿ. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ಎದ್ದು ನಿಲ್ಲುವುದು, ನಿಧಾನ ಕೂರುವುದು. ಐದು ಸಲದಿಂದ ಶುರು ಮಾಡಿ ಹತ್ತಕ್ಕೆ ಏರಿಸಿ. ಪಕ್ಕದಲ್ಲಿ ಯಾರಾದರೂ ನಿಂತಿರಿ.

ಬಿದ್ದೇಬಿಟ್ಟರೆ

ನಾವು ಮಾಡಿದ ತಪ್ಪು ನೀವು ಮಾಡಬೇಡಿ. ನಾವು ಮೊದಲ ಎರಡು ದಿನ ಎಲುಬು ಕಟ್ಟುವವರನ್ನು ಕರೆಸಿ ಎಣ್ಣೆ ಹಚ್ಚಿ ತಿಕ್ಕಿಸಿದೆವು. ದೊಡ್ಡಪ್ಪ ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದ್ದರೆ, ಎದ್ದು ನಿಲ್ಲಲು ಆಗದಿದ್ದರೆ, ಟೊಂಕ ಮುರಿದಿದೆ ಅಂತಲೇ ತಿಳಿಯಿರಿ. ಎತ್ತಿ ನಿಲ್ಲಿಸಬೇಡಿ, ತಿಕ್ಕಬೇಡಿ, ಊಟ ಮಾಡಿಸಬೇಡಿ, 108ಕ್ಕೆ ಫೋನ್ ಮಾಡಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಟೊಂಕದ ಆಪರೇಷನ್ ಒಂದೆರಡು ದಿನದೊಳಗೆ ಆದರೆ ಒಳ್ಳೆಯದು, ತಡವಾದಷ್ಟೂ ನ್ಯುಮೋನಿಯಾ, ಬೆನ್ನು ಹುಣ್ಣು, ರಕ್ತ ಹೆಪ್ಪುಗಟ್ಟುವ ಅಪಾಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಸೇರಿಸುವಾಗಲೇ ಕೇಳಿ, ಕಾರ್ಡ್ ಜೊತೆಗೇ ಒಯ್ಯಿರಿ.

ವಾರ್ಡಿನಲ್ಲಿ ಕದ್ದು ಬೀಡಿ ಕೊಡಬೇಡಿ. ದೊಡ್ಡಪ್ಪ ಕಣ್ಣಲ್ಲಿ ನೀರು ತಂದು ಕೇಳಿದರು, ಕೊಡಲಿಲ್ಲ. ಹೊಗೆ ಹೋದರೆ ಗಾಯ ಮಾಯುವುದೂ ನಿಧಾನ, ಎಲುಬು ಕೂಡುವುದೂ ನಿಧಾನ. ಅವರು ಬೀಡಿ ಬಿಟ್ಟದ್ದು ಆ ಮಂಚದ ಮೇಲೆಯೇ. ಮಧ್ಯೆ ಎರಡು ಸಲ ತಪ್ಪಿದರೂ ಈಗ ಐದು ವರ್ಷವಾಯಿತು.

ಡಿಸ್ಚಾರ್ಜ್ ದಿನ ತಪ್ಪದೆ ಒಂದು ಪ್ರಶ್ನೆ ಕೇಳಿ: "ಮುರಿದದ್ದು ಸರಿ ಮಾಡಿದ್ರಿ, ಎಲುಬು ಸವೆಯುವುದಕ್ಕೆ ಏನು ಔಷಧಿ?" ರಾಡು ಹಾಕಿ ಮನೆಗೆ ಕಳಿಸಿದ ಮೇಲೆ ಈ ಚಿಕಿತ್ಸೆ ಮರೆತುಹೋಗುತ್ತದೆ. ಒಮ್ಮೆ ಮುರಿದವರಿಗೆ ಇನ್ನೊಮ್ಮೆ ಮುರಿಯುವ ಅಪಾಯ ಜಾಸ್ತಿ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟರೆ ಅದನ್ನು ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ಬರೀ ನೀರಿನ ಜೊತೆ ನುಂಗಬೇಕು. ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಮಲಗಿದರೆ ಅನ್ನನಾಳ ಸುಡುತ್ತದೆ. ದೊಡ್ಡಪ್ಪ ಭಾನುವಾರ ಬೆಳಿಗ್ಗೆ ಅದನ್ನು ನುಂಗಿ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಾರೆ. ಅರ್ಧ ಗಂಟೆ ಆದಮೇಲೆ ಒಳಗೆ ಕೂಗಿ ಚಹಾ ಕೇಳುತ್ತಾರೆ.